ಬೀಗರಿಗೆ ಯಾವ ಊರು ತೋರಿಸಲಿ?

ಝೆನಿತ್ಸಾ
ಜುಲೈ 27, ಭಾನುವಾರ

ಪ್ರೀತಿಯ ತಮ್ಮ ಮುನೀಬ್,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ವಿಮಾ ಕಚೇರಿಯಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂತರೆ ಬೆನ್ನು ಇನ್ನೇನು ಮಾಡೀತು, ಸಂಜೆ ಸ್ವಲ್ಪ ನಡೆದಾಡು. ಸಬೀನಾಳ ರಕ್ತದೊತ್ತಡ ಹತೋಟಿಯಲ್ಲಿದೆಯೇ? ಆರ್ಮಿನ್ ಮದುವೆಯ ಗಡಿಬಿಡಿಯಲ್ಲಿ ಊಟ ಬಿಡುತ್ತಿದ್ದಾನೋ ಏನೋ, ಫೋಟೊದಲ್ಲಿ ಕೆನ್ನೆ ಒಳಗೆ ಹೋಗಿದೆ, ಅತ್ತೆ ಗದರಿದಳು ಎಂದು ಹೇಳು. ಇಲ್ಲಿ ಅಪ್ಪನ ಕೆಮ್ಮು ಬೇಸಿಗೆಯಾದ್ದರಿಂದ ಇಳಿದಿದೆ. ಬೆಳಗ್ಗೆ ಎದ್ದ ಮೇಲೆ ಕಾಲು ಗಂಟೆ ಕೆಮ್ಮುತ್ತಾರೆ, ಆಮೇಲೆ "ಇವತ್ತಿನ ಪಾಳಿ ಮುಗೀತು" ಎಂದು ತಾವೇ ಘೋಷಿಸಿ ಕಾಫಿ ಕೇಳುತ್ತಾರೆ. ನನ್ನ ಮಂಡಿ ಹಾಗೇ ಇದೆ. ಇಪ್ಪತ್ತಾರು ವರ್ಷ ಉಕ್ಕಿನ ಕಾರ್ಖಾನೆಯ ಕ್ರೇನಿನ ಏಣಿ ಹತ್ತಿ ಇಳಿದ ಮಂಡಿ, ನಿವೃತ್ತಿಗೆ ಇನ್ನೆರಡು ವರ್ಷ ಇದೆಯೆಂದು ಅದಕ್ಕೆ ಯಾರು ತಿಳಿಸಿ ಹೇಳುವುದು.

ನಿನ್ನ ಪಾರ್ಸೆಲ್ ಹೋದ ವಾರ ನಿಮ್ಮ ಲಿಂಜ್ ಊರಿನಿಂದ ಬರುವ ಬಸ್ಸಿನಲ್ಲಿ ಬಂತು. ಚಾಕೊಲೇಟ್ ಕರಗಿರಲಿಲ್ಲ. ಅದರ ಜೊತೆ ನೀನು ಇಟ್ಟಿದ್ದ ಎರಡು ಪುಟದ ಕಾಗದವನ್ನೂ ಓದಿದೆ. ಒಮ್ಮೆ ಓದಿದೆ, ಸಿಟ್ಟು ಬಂತು. ಇನ್ನೊಮ್ಮೆ ಓದಿದರೆ ಇಳಿದೀತು ಎಂದು ಓದಿದೆ, ಇನ್ನೂ ಏರಿತು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ದನಿ ಸ್ವಲ್ಪ ಗಟ್ಟಿಯಾದರೆ ಸಾಕು, "ಅಕ್ಕಾ, ಮೀಟಿಂಗ್ ಇದೆ, ಸಂಜೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ನಿನ್ನ ಆ ಸಂಜೆ ಇವತ್ತಿನವರೆಗೂ ಆಗಿಲ್ಲ. ಕಾಗದಕ್ಕಾದರೆ ಮೀಟಿಂಗ್ ಇರುವುದಿಲ್ಲ, ಕೂತು ಓದು.

ಆಗಸ್ಟ್ ಹದಿನಾಲ್ಕಕ್ಕೆ ನಿನ್ನ ಬೀಗರು ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಎರಡು ದಿನ ನಮ್ಮಲ್ಲಿ ಉಳಿಯುತ್ತಾರೆ. ಸಂತೋಷ. ನಿನಗೆ ರಜೆ ಇಲ್ಲ. ಅದೂ ಹಳೆಯ ಸುದ್ದಿ. ಆದರೆ ಬೀಗರಿಗೆ ಊರು ತೋರಿಸುವುದು ಹೇಗೆಂದು ಈ ಊರಲ್ಲೇ ಹುಟ್ಟಿದ ನನಗೆ ನೀನು ಪಟ್ಟಿ ಕಳಿಸುತ್ತೀಯಲ್ಲ! ಕಾರ್ಖಾನೆಯ ಪಕ್ಕದ ರಸ್ತೆಯಲ್ಲಿ ಕರೆತರಬೇಡ, ಸುತ್ತಿಕೊಂಡು ಬಾ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡ. ಮೊದಲ ದಿನ ವ್ರಂದುಕ್ ಕೋಟೆ, ಎರಡನೆಯ ದಿನ ಟ್ರಾವ್ನಿಕ್ ಪಟ್ಟಣ, ಮನೆಯಲ್ಲಿ ಒಂದೇ ಊಟ. ಅಂದರೆ ಝೆನಿತ್ಸಾಕ್ಕೆ ಬಂದವರು ಝೆನಿತ್ಸಾವನ್ನು ಬಿಟ್ಟು ಉಳಿದದ್ದೆಲ್ಲ ನೋಡಬೇಕು. ಆ ಕೊನೆಯ ಸಾಲನ್ನಂತೂ ಹೇಗೆ ಬರೆದೆಯೋ? "ಅಪ್ಪ ಎಂಜಿನಿಯರ್ ಆಗಿದ್ದರು ಎಂದು ಹೇಳಿದ್ದೇನೆ, ದಯವಿಟ್ಟು ಅದನ್ನು ಉಳಿಸಿಕೊಡು, ಅವರು ಹೆಚ್ಚು ಮಾತಾಡದಂತೆ ನೋಡಿಕೊ."

ಮೂವತ್ತನಾಲ್ಕು ವರ್ಷ ಕುಲುಮೆಯ ಬಾಯಿಯ ಮುಂದೆ ನಿಂತ ಮನುಷ್ಯ ಅವರು. ಕುಲುಮೆಯೊಳಗೆ ನೋಡಲು ಅವರ ಟೊಪ್ಪಿಗೆಗೆ ಸಿಕ್ಕಿಸಿದ್ದ ನೀಲಿ ಗಾಜನ್ನು ನೀನು ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗಲೂ ಕಣ್ಣಿಂದ ತೆಗೆಯುತ್ತಿರಲಿಲ್ಲ. ಸಾರೆಲ್ಲ ನೀಲಿ, ಅಮ್ಮ ನೀಲಿ ಎಂದು ಕುಣಿಯುತ್ತಿದ್ದೆ. ಅಂಥವನು ಯಾವಾಗ ನಾಚಿಕೊಳ್ಳಲು ಕಲಿತೆಯೋ ನನಗೆ ಗೊತ್ತಾಗಲೇ ಇಲ್ಲ. ಬೀಗರಿಗೆ ಔಷಧದ ಅಂಗಡಿ ಇರಬಹುದು, ಕೆರೆಯ ದಂಡೆಯಲ್ಲಿ ಮನೆ ಇರಬಹುದು. ಅವರ ಕಾರೂ ಉಕ್ಕಿನದ್ದೇ ಅಲ್ಲವೇ? ಯಾರೋ ಬೆವರು ಸುರಿಸಿ ಕರಗಿಸಿದ್ದು ತಾನೇ?

ನನ್ನದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಮೇ ತಿಂಗಳಲ್ಲಿ ನಿನ್ನ ಕಚೇರಿಯ ಆ ಸಜ್ಜನ ಬಂದಾಗ ನೀನು ಹೇಳಿದ ಹಾಗೆಯೇ ಮಾಡಿದೆ. ಸುತ್ತು ದಾರಿಯಲ್ಲಿ ಕರೆತಂದು ನೇರ ಕೋಟೆಗೆ ಒಯ್ದೆ. ಪಾಪ, ಅವನು ಕಲ್ಲುಗಳನ್ನು ಮರ್ಯಾದೆಗೆ ನೋಡಿ, ಕಾರ್ಖಾನೆ ಎಲ್ಲಿದೆ, ಅದನ್ನು ನೋಡಬೇಕಿತ್ತಲ್ಲ ಎಂದು ಮೂರು ಸಲ ಕೇಳಿದ. ಮನೆಗೆ ಬಂದ ಮೇಲೆ ಅಪ್ಪನ ಮುಂದೆ ತಲೆಬಾಗಿಸಿ ಒಂದೇ ಉಸಿರಿನ ಜರ್ಮನ್‌ನಲ್ಲಿ "ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ" ಅಂದ. ಏನಂತಾನೆ ಎಂದು ಅಪ್ಪ ನನ್ನ ಮುಖ ನೋಡಿದರು. ಯುದ್ಧದ ಕಾಲದಲ್ಲಿ ಎರಡು ವರ್ಷ ಗ್ರಾಜ್‌ನ ಲಾಂಡ್ರಿಯಲ್ಲಿ ದುಡಿದು ಕಲಿತ ಜರ್ಮನ್ ನನಗೆ ಆವತ್ತು ಇಂಥದ್ದಕ್ಕೆ ಒದಗಿತು. "ನಿಮ್ಮ ಆರೋಗ್ಯ ಕೇಳ್ತಿದ್ದಾರಪ್ಪಾ" ಅಂದುಬಿಟ್ಟೆ. ಅಪ್ಪ ಖುಷಿಯಿಂದ ಕೆಮ್ಮಿ ತೋರಿಸಿದರು. ಅಪ್ಪನ ಎದುರೇ ಅಪ್ಪನನ್ನು ಬೇರೆ ಯಾರನ್ನೋ ಮಾಡಿಬಿಟ್ಟಿದ್ದೆ.

ಅದೇ ಸಜ್ಜನನಿಂದ ಇನ್ನೊಂದು ಪಾಠವೂ ಆಯಿತು, ಅದನ್ನು ಬೀಗರಿಗೆ ಮೊದಲೇ ತಿಳಿಸು. ನಮ್ಮಲ್ಲಿ ಮೊದಲ ಕಾಫಿ ಬಂದದ್ದಕ್ಕೆ, ಎರಡನೆಯದು ಮಾತಿಗೆ, ಮೂರನೆಯದು ಎದ್ದು ಹೊರಡುವುದಕ್ಕೆ ಎಂದು ನೀನು ಅವನಿಗೆ ಹೇಳಿರಲಿಲ್ಲ. ನಾನು ಮೂರನೆಯದನ್ನು ತಂದಿಟ್ಟೆ. ಅವನು ಕುಡಿದು, ತುಂಬ ಚೆನ್ನಾಗಿದೆ, ಇನ್ನೊಂದು ಸಿಗಬಹುದೇ ಎಂದ. ಪಕ್ಕದ ಮನೆಯ ಫದೀಲಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅಪ್ಪ ಮಾತ್ರ "ಇರ್ಲಿ ಬಿಡೇ, ಹೋಗು ಅಂದ್ರೂ ಹೋಗ್ದಿರೋ ಮನುಷ್ಯ ಸಿಗೋದು ಅಪರೂಪ" ಅಂದರು. ಆ ಮಾತು ಯಾರಿಗೆ ತಗಲಬೇಕಿತ್ತೋ ಅವನು ಅಲ್ಲಿರಲಿಲ್ಲ.

ಈಗ ಬೀಗರಿಗೆ ನನ್ನ ಸಲಹೆ ಬರೆದುಕೊ, ಇದನ್ನೇ ಅವರ ಭಾಷೆಗೆ ತಿರುಗಿಸಿ ಕೊಡು. ಬರುವುದಾದರೆ ಚಿಮಣಿಗಳು ಎದುರಿಗೆ ಕಾಣುವ ರಸ್ತೆಯಲ್ಲೇ ಬರಲಿ, ಊರಿನ ಮುಖ ಇರುವುದು ಅಲ್ಲಿ. ಬೆಳಗ್ಗೆ ಕಿಟಕಿ ತೆಗೆಯುವ ಮೊದಲು ಫದೀಲಾಳನ್ನು ಕೇಳಲಿ. ಹೊಗೆ ಯಾವ ಕಡೆ ಮಲಗಿದೆಯೆಂದು ನೋಡಿ ಬಟ್ಟೆ ಒಣಹಾಕಬೇಕೋ ಬೇಡವೋ ಎಂದು ಅವಳು ಹೇಳಿದರೆ ಅದೇ ಕೊನೆ, ರೇಡಿಯೋದ ಹವಾಮಾನದವರು ಅವಳ ಮುಂದೆ ಏನೂ ಅಲ್ಲ. ಚಳಿಗಾಲದಲ್ಲಿ ಬರುವುದು ಬೇಡ, ಆಗ ಗಾಳಿ ನಮಗೇ ಸಾಲುವುದಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಸಿಟ್ಟಿನಿಂದ ಹೇಳುತ್ತಿದ್ದೇನೆ, ಎರಡಕ್ಕೂ ವ್ಯತ್ಯಾಸವಿದೆ. ಎದುರುಬದುರು ಎರಡು ಕಿಟಕಿ ಒಟ್ಟಿಗೆ ತೆರೆಯಬಾರದು, ನಡುವೆ ಗಾಳಿ ಹಾಯ್ದು ಯಾರಿಗಾದರೂ ಕತ್ತು ಹಿಡಿದುಕೊಂಡರೆ ಅಪ್ಪ ನನ್ನನ್ನು ಬಯ್ಯುತ್ತಾರೆ. ಕೆಂಡದ ಮೇಲೆ ಸುಟ್ಟ ಕೈಮಾದ ಚೆವಾಪಿ ತಿನ್ನುವುದಾದರೆ ಮಾಂಸದ ಸಾರಲ್ಲಿ ಅದ್ದಿ ಸುಟ್ಟ ರೊಟ್ಟಿಯೊಳಗೆ, ಹಸಿ ಈರುಳ್ಳಿಯ ಜೊತೆ, ಕೈಯಿಂದ. ಕೆಚಪ್ ಕೇಳಿದರೆ ಅಂಗಡಿಯವನು ಕೊಟ್ಟಾನು, ಆದರೆ ನನ್ನ ಮಾನ ಹೋಗುತ್ತದೆ. ಮನೆಯೊಳಗೆ ಹಾಕಿಕೊಳ್ಳಲು ಇಬ್ಬರಿಗೂ ಹೊಸ ಚಪ್ಪಲಿ ಕೊಂಡಿದ್ದೇನೆ. ಬೀಗರ ಪಾದದ ಅಳತೆ ನಲವತ್ತಾರು ಎಂದು ಸಬೀನಾ ಹೇಳಿದಾಗ ಅಷ್ಟು ದೊಡ್ಡದಕ್ಕಾಗಿ ಮೂರು ಅಂಗಡಿ ಸುತ್ತಿದೆ.

ಇನ್ನು ಅಸಲು ಜಾಗ. ಕಾರ್ಖಾನೆಯ ಹಿಂಬದಿಯ ಬೇಲಿಯ ಹತ್ತಿರ ಅಪ್ಪ ದುಡಿದ ಮೂರನೇ ನಂಬರಿನ ಕುಲುಮೆ ಇದ್ದ ಕಡೆ ಈಗ ಹುಲ್ಲು ಬೆಳೆದಿದೆ. ನೋಡಲು ಏನೂ ಇಲ್ಲ. ಆದರೆ ಬೀಗರು ಬರುವ ಸುದ್ದಿ ತಿಳಿದ ದಿನದಿಂದ ಅಪ್ಪನಿಗೆ ಅದೇ ಜಪವಾಗಿತ್ತು. "ಕೋಟೆ ಗೀಟೆ ನೀನು ತೋರ್ಸು. ಕುಲುಮೆ ಎಲ್ಲಿತ್ತು ಅಂತ ನಾನೇ ಕರ್ಕೊಂಡ್ ಹೋಗಿ ತೋರಿಸ್ತೀನಿ. ಉಕ್ಕು ಕುದಿಯೋವಾಗ ಎಂಥಾ ಸದ್ದು ಬರುತ್ತೆ ಅಂತ ಅವರಿಗೆ ನಾನಲ್ದೆ ಯಾರು ಹೇಳ್ತಾರೆ?" ಎಂದು ಫದೀಲಾಳ ಮುಂದೆ ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಈ ನಾಲ್ಕೈದು ದಿನದಿಂದ ಸುಮ್ಮನಿದ್ದಾರೆ, ಸೆಕೆ ಇರಬೇಕು. ಇಂಥವರಿಗೆ ನಾನು ಹೋಗಿ, ಅಪ್ಪಾ, ನೀವು ಎರಡು ದಿನ ನೀವಾಗಿರಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿಲ್ಲ. ನಿನ್ನ ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದೇನೆ, ಹೇಳುವುದೂ ಇಲ್ಲ. ನಿನಗಿರುವುದು ಎರಡೇ ದಾರಿ. ಒಂದೋ ಬೀಗರ ಹತ್ತಿರ ಕೂತು, ನಾನು ಸುಳ್ಳು ಹೇಳಿದೆ, ನಮ್ಮಪ್ಪ ಕುಲುಮೆ ಕೆಲಸಗಾರ ಎನ್ನು. ಇಲ್ಲವೇ ಫೋನ್ ಮಾಡಿ, ನೀವು ಹಾಗೆ ಹೇಳಿಕೊಂಡರೆ ನನಗೆ ನಾಚಿಕೆ ಎಂದು ಅಪ್ಪನಿಗೇ ಹೇಳು. ನಡುವೆ ನಿಂತು ತರ್ಜುಮೆ ಮಾಡಲು ನಾನಿಲ್ಲ.

ಕಠಿಣವಾಗಿ ಬರೆದೆ ಎಂದು ಗೊತ್ತು. ನಿನ್ನನ್ನು ಎತ್ತಿ ಆಡಿಸಿದವಳು, ನನಗಲ್ಲದೆ ಯಾರಿಗೆ ಈ ಹಕ್ಕು? ನಿನ್ನ ಮೇಲೆ ಪ್ರೀತಿ ಇರುವುದರಿಂದಲೇ ಇಷ್ಟು ಉರಿಯುತ್ತಿದೆ. ಸಬೀನಾಗೆ ನನ್ನ ಅಪ್ಪುಗೆ, ಆರ್ಮಿನ್‌ಗೆ ಎರಡೂ ಕೆನ್ನೆಗೆ ಮುತ್ತು, ಬರಲಿರುವ ಸೊಸೆಗೆ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ನಗುನಗುತ್ತಾ ಇರಿಸಲಿ, ನಿನಗೆ ಒಂದಿಷ್ಟು ಧೈರ್ಯವನ್ನೂ ಕೊಡಲಿ.

ನಿನ್ನ ಅಕ್ಕ,
ರಾಸೇಮಾ

ತಾ.ಕ.: ಬಸ್ ನಿಲ್ದಾಣದ ಬೆಂಚಿನ ಮೇಲೆ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಕಾಗದ ಒಯ್ಯಬೇಕಾದ ಡ್ರೈವರ್ ಅವಸರ ಮಾಡುತ್ತಿದ್ದಾನೆ. ಮನೆಯಿಂದ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಲ್ಲಿಸಿ, "ಪೇಟೇಲಿ ನಂಗೊಂದು ಜೊತೆ ಕೈಗವಸು ತಗೊಂಬಾ, ತೆಳ್ಳಗಿರೋದು" ಅಂದರು. ಈ ಬಿಸಿಲಲ್ಲಿ ಕೈಗವಸು ಯಾಕಪ್ಪಾ ಎಂದೆ. ಸುಟ್ಟು ಕಲೆಗಟ್ಟಿದ ಎರಡೂ ಕೈ ನನ್ನ ಮುಂದೆ ಚಾಚಿ, "ಎಂಜಿನಿಯರ್ ಕೈ ಹಿಂಗಿರಲ್ವಲ್ಲಮ್ಮಾ" ಅಂದರು. ಆವತ್ತು ಪಾರ್ಸೆಲ್ ತರಲು ಹೋಗಿದ್ದವರು ಅವರೇ, ನಿನ್ನ ಕಾಗದವನ್ನು ನನಗಿಂತ ಮೊದಲೇ ಓದಿ ಹಾಗೇ ಮಡಿಸಿಟ್ಟಿದ್ದರಂತೆ. ಸಿಟ್ಟಿಲ್ಲ ಅವರಿಗೆ. "ಹುಡುಗನ ಮಾತು ಬಿದ್ದುಹೋಗ್ಬಾರ್ದು" ಅಂದರು. ನಾನು ಕೈಗವಸು ಕೊಳ್ಳುವುದಿಲ್ಲ, ಮುನೀಬ್. ಬೇಕಿದ್ದರೆ ನೀನೇ ಕೊಂಡು, ನೀನೇ ಬಂದು, ನಿನ್ನ ಕೈಯಾರೆ ಆ ಕೈಗಳಿಗೆ ತೊಡಿಸು.