ಎಂಟನೇ ಪುಟ

ಮೇ 6, 1957, ಸೋಮವಾರ

ಕಾಫಿ ಕುಡಿದು ಕೂತೆ. ‘ಸೈತಾನನನ್ನು ಮದುವೆಯಾದ ವಿಧವೆ’ ಮುಗಿಯಿತು. ಎಂಟು ಪುಟ, ಸಂತೆಯಲ್ಲಿ ಹಾಡಿ ಮಾರುವ ಪದ್ಯಪುಸ್ತಕದ ಅಳತೆಗೆ ಸರಿಯಾಗಿ. ಕೊನೆಯ ಪದ್ಯದ ಆರು ಸಾಲಿನ ಮೊದಲಕ್ಷರ ಮೇಲಿಂದ ಕೆಳಗೆ ಓದಿದರೆ ನನ್ನ ಹೆಸರು, ಎಲ್ವೀರಾ — ನಮ್ಮ ಪೋರ್ಚುಗೀಸ್ ಬರಹದಲ್ಲಿ ಆರಕ್ಷರ. ಅದೇ ನನ್ನ ಬೀಗ. ಹೋದ ವರ್ಷ ಅವಸರದಲ್ಲಿ ಬೀಗ ಮರೆತೆ. ಆ ಕಥೆ ಈಗ ಬೇರೆ ಯಾರದೋ ಹೆಸರಲ್ಲಿ ಮಾರಾಟವಾಗುತ್ತಿದೆ.

ಮುಗಿದರೂ ಸಮಾಧಾನವಿಲ್ಲ. ಈ ವಿಧವೆ ನನಗೆ ಯಾರೂ ಅಲ್ಲ. ಪೆಟ್ಟಿಗೆಯಲ್ಲಿ ಇನ್ನೊಂದಿದೆ... ಅಣ್ಣ ಜೋವಿನೋನದು. ರಬ್ಬರ್ ಹಾಲು ತೆಗೆಯಲು ಅಮೆಜಾನ್ ಕಾಡಿಗೆ ಹೋಗಿ ಹದಿನಾಲ್ಕು ವರ್ಷ. ಒಂದೇ ಒಂದು ಕಾಗದ ಬಂತು. ಏಳು ಪುಟ ಬರೆದಿದ್ದೇನೆ. ಎಂಟನೆಯದು ಬರುತ್ತಿಲ್ಲ.

ಮೇ 7

ಎರಡನ್ನೂ ಅಚ್ಚುಕೂಟಕ್ಕೆ ಒಯ್ದೆ. ಜೂನ್ ಹಬ್ಬಕ್ಕೆ ಮುಂಚೆ ಒಂದಕ್ಕಾಗುವಷ್ಟೇ ಕಾಗದ ಇದೆಯಂತೆ. ಅಚ್ಚುಕೂಟದ ಯಜಮಾನ ಅಬ್ದಿಯಾಸಣ್ಣ ಕನ್ನಡಕ ಹಣೆಗೇರಿಸಿದರು.

“ಸೈತಾನ ಓಡ್ತಾನಮ್ಮ, ಕುದುರೆ ಓಡಿದಂಗೆ. ಇವನು? ಹೋದ, ಬರ್ಲಿಲ್ಲ. ಅದು ಎಲ್ಲರ ಮನೇಲೂ ಇದೆ.”

“ಎಲ್ಲರ ಮನೇಲೂ ಇದೆ ಅಂತಾನೇ ಬರ್ದಿದ್ದು.”

“ಹಂಗಾದ್ರೆ ಕೊನೇಲಿ ಮನೆಗೆ ಕರ್ಕೊಂಡ್ ಬಾ. ಚಿರತೆ ಚರ್ಮ ಹೆಗಲ ಮೇಲೆ ಹಾಕ್ಕೊಂಡು ಬರ್ಲಿ. ನಿನ್ನ ಗಂಟೇನು ಹೋಗುತ್ತೆ?”

ಹಾಳೆ ಕಿತ್ತುಕೊಂಡು ಎದ್ದೆ. ಅವರೇ ತಡೆದರು.

“ಶನಿವಾರ ಸಂತೇಲಿ ಹಾಡಿ ನೋಡು. ಹೆಂಗೂ ಎಂಟನೇ ಪುಟಕ್ಕೆ ಮುಂಚೆ ನಿಲ್ಲಿಸೋದೇ ಪದ್ಧತಿ, ಕೊನೆ ಬೇಕಾದೋರು ಪುಸ್ತಕ ಕೊಳ್ಳಲಿ ಅಂತ. ಜನ ನಿಂತ್ರೆ ಇದನ್ನೇ ಹಾಕ್ತೀನಿ.”

ಮೇ 11, ಶನಿವಾರ

ಗಂಟಲು ಬಿದ್ದುಹೋಗಿದೆ. ಕಂಪೀನಾ ಗ್ರಾಂಜಿಯ ಸಂತೆ, ಬೆಂಚಿನ ಮೇಲೆ ನಾನು. ಒಣಮಾಂಸ ಮಾರುವವನು ಶುರುವಿಗೇ ಕೂಗಿದ — “ಸೈತಾನ ಎಲ್ಲಮ್ಮ? ಇವತ್ತು ಅವನಿಗೆ ರಜಾನಾ?” ಎಲ್ಲರೂ ನಕ್ಕರು. ಮೂರನೇ ಪುಟದಲ್ಲಿ ನಗು ನಿಂತಿತು. ಏಳರ ಕೊನೆ: ಕಾಡಿನಂಚಿಗೆ ಯಾರೋ ಒಬ್ಬ ಗಂಡಸು ಬಂದು ನಿಲ್ಲುತ್ತಾನೆ... ನಿಲ್ಲಿಸಿದೆ.

“ಅವನೇನಾ? ಹೇಳೇ ತಾಯಿ!”

“ಪುಸ್ತಕ ಕೊಡಮ್ಮ!”

ಬರುವ ಶನಿವಾರ, ಬರುವ ಶನಿವಾರ ಎಂದು ಅಬ್ದಿಯಾಸಣ್ಣ ಕೂಗಿದರು. ನನ್ನ ಕಿವಿಯಲ್ಲಿ ಮಾತ್ರ — “ಗೆದ್ದೆ. ಗುರುವಾರ ಎಂಟನೇ ಪುಟ ಕೊಡು. ಅವನು ಬರ್ಲೇಬೇಕು, ನೋಡು.”

ಆಗ ಕಂಡಿತು. ಗುಂಪಿನ ಹಿಂದೆ ಅಮ್ಮ, ತಲೆ ಮೇಲೆ ಬುಟ್ಟಿ. ಬರೆದದ್ದನ್ನು ಅವಳಿಗೆ ಹೇಳೇ ಇರಲಿಲ್ಲ.

ಮೇ 15, ಬುಧವಾರ

ನಾಲ್ಕು ದಿನ ಅಮ್ಮ ಮಾತಾಡಲಿಲ್ಲ. ನಾನೂ ಒಂದಕ್ಷರ ಬರೆಯಲಿಲ್ಲ. ಇವತ್ತು ಕಾಳು ಆರಿಸುತ್ತ ಕೇಳಿದಳು.

“ಆ ಕಾಡಿನಂಚಲ್ಲಿ ನಿಂತಿದ್ನಲ್ಲ, ಯಾರೇ ಅವನು?”

“ಜೋವಿನೋನೇ ಅಂತ ಬರಿ ಅಂತಾರೆ ಅಬ್ದಿಯಾಸಣ್ಣ.”

“ಬಂದ ಅಂತ ಬರೆದ್ರೆ ಊರೆಲ್ಲ ನೋಡೋಕೆ ಬರುತ್ತೆ. ಅಚ್ಚಾಗಿದ್ದೆಲ್ಲ ನಿಜ ಅಂತಾರೆ ಜನ. ಬಂದೋರಿಗೆ ನಾನು ಯಾರನ್ನ ತೋರಿಸ್ಲಿ?”

“ಸರಿ ಬಿಡು, ಬರ್ಲಿಲ್ಲ ಅಂತಾನೇ ಬರೀತೀನಿ.”

“ಅದನ್ನ ಸಂತೇಲಿ ನಿಂತು ನಿನ್ನ ಬಾಯಲ್ಲಿ ಕೇಳ್ಬೇಕಾ ನಾನು?”

ನಾಚಿಕೆಯಾಯಿತು. ನನ್ನ ನಿಜ ದೊಡ್ಡದೋ ಅವರ ಮಾರಾಟ ದೊಡ್ಡದೋ ಎಂದು ಇಷ್ಟು ದಿನ ಹಾರಾಡಿದೆ. ಅಮ್ಮನನ್ನು ಒಂದು ಮಾತು ಕೇಳಲಿಲ್ಲ.

ಮೇ 16, ಗುರುವಾರ, ಬೆಳಿಗ್ಗೆ 10

ಹೊಳೆಯಿತು! ಜೋವಿನೋ — ಅವನದೂ ಆರಕ್ಷರ. ಅಮ್ಮನಿಗೆ ಓದು ಬರುವುದಿಲ್ಲ. ಆದರೆ ಆ ಒಂದು ಕಾಗದದ ಸಹಿ ಸವರಿ ಸವರಿ ಆ ಆರೂ ಅವಳಿಗೆ ಗುರುತು.

ಕೊನೆಯ ಪದ್ಯದಲ್ಲಿ ಬಂದ ಎಂದಿಲ್ಲ, ಬರಲಿಲ್ಲ ಎಂದೂ ಇಲ್ಲ. ತಾಯಿ ಒಲೆ ಹಚ್ಚುತ್ತಾಳೆ, ತಟ್ಟೆ ಇಡುತ್ತಾಳೆ. ಸಾಲುಗಳ ಮೊದಲಕ್ಷರಗಳಲ್ಲಿ ಅವನು. ನನ್ನ ಬೀಗಕ್ಕೆ ಜಾಗವಿಲ್ಲ... ಹೋಗಲಿ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಬರೆದವುಗಳಲ್ಲಿ ನನ್ನದು ಅಂತ ಇರುವುದು ಇದೊಂದೇ.

10:40

ಅಬ್ದಿಯಾಸಣ್ಣ ತಾವೇ ಬಂದರು. ಬಾಗಿಲಲ್ಲೇ ನಿಂತು ಐದು ಸಾಲು ಓದಿದರು. ಬಾಯಿ ತೆರೆದರು, ಬೈಯಲೆಂದೇ. ಆಮೇಲೆ ಎಡದಂಚು ಮೇಲಿಂದ ಕೆಳಗೆ ನೋಡಿದರು.

“ಬಂದೇಬಿಟ್ನಲ್ಲೇ...” ಎಂದರು. ಅಂಚನ್ನು ಮತ್ತೆ ನೋಡಿ, “ನಿನ್ನ ಹೆಸರು? ನಾಳೆ ಯಾವನಾದ್ರೂ ಇದು ನಂದು ಅಂದ್ರೆ?”

“ಅನ್ಲಿ.”

“ಹುಚ್ಚಿ. ಬೇಗ ಮುಗಿಸು, ಅಚ್ಚಿನ ಮೊಳೆ ಜೋಡಿಸ್ಬೇಕು” ಎಂದು ಜಗುಲಿಯಲ್ಲಿ ಕೂತಿದ್ದಾರೆ.

11

ಅಮ್ಮ ಪಕ್ಕ ಬಂದು ಕೂತಳು. ಅಂಚಿನಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಇಳಿದಳು. ಐದಾಯಿತು.

“ಇನ್ನೊಂದು ಎಲ್ಲೇ?”

“ಬರೀಬೇಕಮ್ಮ. ಬೆರಳು ತೆಗಿ.”

“ನೀನು ಬರಿ. ನಾನು ಜಾಗ ಹಿಡ್ಕೊಂಡಿರ್ತೀನಿ.”

ತೆಗೆಯುತ್ತಿಲ್ಲ. ಅವಳ ಬೆರಳ ಪಕ್ಕದಿಂದಲೇ ಶುರು ಮಾಡಬೇಕು —