ಮೊದಲು ನನ್ನನ್ನೇ ಕರೆಯಿರಿ

ಈರಿ, ಪೆನ್ಸಿಲ್ವೇನಿಯಾ
ಮೇ ೧೪, ೧೯೯೬

ಕ್ಲೆಮೆಂಟ್,

ಮೇಲೆ 'ಪ್ರಿಯ' ಎಂದು ಬರೆದು ಗೀಟು ಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಆದರೆ ಆ ಗೀಟು ನಿನಗೂ ಕಾಣಲಿ ಅನ್ನಿಸಿತು. ನೀನು ಕ್ಷೇಮವೆಂದು ನಿನ್ನ ಕಾಗದದಿಂದ ತಿಳಿಯಿತು. ನಾನೂ ಇದ್ದೇನೆ.

ಜೂನ್ ಒಂದರಿಂದ ನಿನಗೆ ಖಾಯಂ ವೇಳಾಪಟ್ಟಿ ಸಿಕ್ಕಿತಂತೆ. ರಿಸರ್ವ್ ಬದುಕು ಮುಗಿಯಿತಂತೆ. ಇನ್ನು ಸೊಂಟದಲ್ಲಿ ಪೇಜರ್ ಇಲ್ಲ. ಯಾವನೋ ಪೈಲಟ್‌ಗೆ ಜ್ವರ ಬಂದರೆ, ಡೆನ್ವರ್‌ನಲ್ಲಿ ಹಿಮ ಬಿದ್ದರೆ, ಎರಡು ಗಂಟೆಯೊಳಗೆ ಟೈ ಬಿಗಿದುಕೊಂಡು ವಿಮಾನ ನಿಲ್ದಾಣಕ್ಕೆ ಓಡುವುದಿಲ್ಲ. ವಾರಕ್ಕೆ ಮೂರು ದಿನ ಹಾರಾಟ, ಉಳಿದದ್ದೆಲ್ಲ ಮನೆ. ಹಿಂದಿನ ಜಗುಲಿಯ ಹಲಗೆ ಬದಲಿಸುತ್ತೀಯಂತೆ, ಅಮ್ಮನಿಗೆಂದು ಬಚ್ಚಲಲ್ಲಿ ಹಾಕಿಸಿದ್ದ ಹಿಡಿಕೆಗಳನ್ನು ಕೀಳಿಸುತ್ತೀಯಂತೆ. "ಕಂಪನಿ ನಮ್ಮ ಆರು ವರ್ಷ ತಿಂದುಹಾಕಿತು ಲೊರೆಟ್ಟಾ, ಇನ್ನಾದರೂ ಗಂಡ ಹೆಂಡತಿಯಾಗಿ ಬದುಕೋಣ, ಬರಲಾ?" ಎಂದು ಕೇಳಿದ್ದೀಯ. ಆ ಒಂದು ಪ್ರಶ್ನೆಗೆ ಉತ್ತರ ಬರೆಯಲು ಕೂತಿದ್ದೇನೆ. ಉತ್ತರ ಕೊನೆಯಲ್ಲಿದೆ, ಆದರೆ ನೇರ ಅಲ್ಲಿಗೆ ಹಾರಬೇಡ. ಹಾರುವುದು ನಿನ್ನ ಕಸುಬು ಎಂದು ಗೊತ್ತು, ಆದರೂ ಒಂದು ಸಲ ಕೂತು ಓದು.

ತೊಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ನಿನ್ನ ತಾಯಿಗೆ ಎಡಭಾಗ ಬಿದ್ದುಹೋಯಿತು. ಅವರನ್ನು ಮನೆಗೆ ಕರೆತಂದವನು ನೀನು. "ನೀನು ಒಂದ್ ಹೊತ್ತು, ನಾನ್ ಒಂದ್ ಹೊತ್ತು ನೋಡ್ಕೊಳೋಣ, ನನ್ ರಜೆ ದಿನ ಪೂರ್ತಿ ನಾನೇ," ಎಂದು ಇದೇ ಮೇಜಿನ ಮುಂದೆ ಕೂತು ಮಾತು ಕೊಟ್ಟೆ. ನಾನು ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟೆ. ಮುನ್ನೂರು ಮಕ್ಕಳಿಗೆ ಬಡಿಸುತ್ತಿದ್ದ ಕೈ ಒಬ್ಬರಿಗೆ ಚಮಚದಲ್ಲಿ ಗಂಜಿ ಕುಡಿಸಲು ನಿಂತಿತು.

ನಿನ್ನ ರಜೆಯ ದಿನ ಬಂತೆಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆ ವರ್ನಾ, ನಿಮ್ಮ ಶಿಕಾಗೋ ಆಫೀಸಿನಲ್ಲಿ ಯಾರು ಯಾವ ವಿಮಾನ ಹಾರಿಸಬೇಕೆಂದು ಹಂಚುವವಳು, ಸಿಗರೇಟು ಸೇದಿ ಸೇದಿ ಒಡೆದ ಗಂಟಲು. ರಜೆಯಲ್ಲಿರುವವನು ಕೈಗೆ ಸಿಗದಿದ್ದರೆ ಅವನನ್ನು ಎಳೆದೊಯ್ಯುವಂತಿಲ್ಲ ಎಂಬ ನಿಯಮ ನಿಮ್ಮ ಪೈಲಟ್‌ಗಳ ಹೆಂಡತಿಯರಿಗೆಲ್ಲ ಬಾಯಿಪಾಠ. ಹಾಗಾಗಿ ನಾನು ಸುಳ್ಳು ಹೇಳುತ್ತಿದ್ದೆ. "ಅವ್ರು ಮೀನು ಹಿಡಿಯೋಕೆ ಹೋಗಿದಾರೆ." "ಛಾವಣಿ ಮೇಲಿದಾರೆ, ಕೇಳಿಸಲ್ಲ." ನಿನ್ನ ಚಿಕ್ಕಪ್ಪನನ್ನು ಎರಡು ಸಲ ಸಾಯಿಸಿದ್ದೇನೆ, ಎರಡು ಸಲವೂ ಹೋಗಿ ಪಾದ್ರಿಗಳ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ. ಎರಡನೇ ಸಲ ಅವರು, "ಈ ಚಿಕ್ಕಪ್ಪ ಇನ್ನೆಷ್ಟು ಸಲ ಸಾಯ್ತಾರಮ್ಮ?" ಎಂದು ಕೇಳಿದರು.

ಅಷ್ಟಾದರೂ ನೀನು ಗ್ಯಾರೇಜಿನಿಂದ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದೆ. "ಪೇಜರ್ ಬಂತು ಲೊರೆಟ್ಟಾ. ನೋಡ್ಬಿಟ್ಟೆ, ಇನ್ನೇನ್ ಮಾಡೋಕಾಗುತ್ತೆ." ನಾನು ನಿನ್ನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, ಆ ವರ್ನಾಳಿಗೆ ಹಿಡಿಶಾಪ ಹಾಕಿ, ಮೇಲೆ ಹೋಗಿ ನಿನ್ನ ತಾಯಿಯನ್ನು ಮಗ್ಗುಲು ಹೊರಳಿಸುತ್ತಿದ್ದೆ. ಕ್ರಿಸ್ಮಸ್ಸು ಆರು, ಈಸ್ಟರು ಆರು. ವರ್ನಾಳಿಗೆ ಮನೆ ಮಠ ಇಲ್ಲವೇನೋ, ಅದಕ್ಕೇ ನಮ್ಮ ಮನೆ ಕಂಡರೆ ಹೊಟ್ಟೆಯುರಿ ಎಂದುಕೊಂಡಿದ್ದೆ.

ಈಗ ಈ ವರ್ಷದ ಫೆಬ್ರವರಿಯ ಆ ಸೋಮವಾರಕ್ಕೆ ಬರುತ್ತೇನೆ.

ನಿನ್ನ ತಾಯಿಗೆ ಇನ್ನು ಎರಡೋ ಮೂರೋ ದಿನ ಎಂದು ಡಾಕ್ಟರು ಭಾನುವಾರವೇ ಹೇಳಿದ್ದರು. ಡ್ಯೂಟಿಯ ದಿನಗಳಿಗೆಂದು ನೀನು ಶಿಕಾಗೋದಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಗೆ ಬೆಳಿಗ್ಗೆ ಫೋನು ಮಾಡಿದೆ. "ಸಾನ್ ವಾನ್‌ಗೆ ಹೋಗೋ ಟ್ರಿಪ್ ನನ್ ತಲೆಗೇ ಕಟ್ಟಿದಾರೆ, ಮೂರು ದಿನ. ಕಾಲಿಗೆ ಬೀಳೋದೊಂದು ಬಾಕಿ, ಆದ್ರೂ ವರ್ನಾ ಕೇಳ್ಲಿಲ್ಲ," ಎಂದೆ ನೀನು. ದನಿಯಲ್ಲಿ ಅಳುವೂ ಇತ್ತು. ಮೆಚ್ಚಬೇಕು ನಿನ್ನನ್ನು.

ಹತ್ತು ಗಂಟೆಗೆ ನಾನೇ ವರ್ನಾಳಿಗೆ ಫೋನು ಮಾಡಿದೆ. ಬೇಡಿಕೊಳ್ಳಬೇಕೆಂದುಕೊಂಡಿದ್ದೆ, ಬೈದುಬಿಟ್ಟೆ. "ನಿನಗೂ ಒಬ್ಬ ತಾಯಿ ಇದ್ದಳಲ್ವೇನೇ?" ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕ್ಲೆಮ್ ತಾಯಿ ಸಾಯ್ತಿದಾರಾ? ಅಯ್ಯೋ ನನ್ ದೇವರೇ, ಅವನು ಒಂದ್ ಮಾತೂ ಹೇಳ್ಲಿಲ್ಲವಲ್ಲಮ್ಮ! ಆ ಟ್ರಿಪ್ಪಿಗೆ ಅವನಿಗಿಂತ ಮುಂಚೆ ಮೂರು ಜನ ಇದ್ರು. ಅವನೇ ಬೆಳಿಗ್ಗೆ ಫೋನ್ ಮಾಡಿ ಕೇಳಿ ತಗೊಂಡ. ತಾಳು, ವಿಮಾನದ ಬಾಗಿಲಿನ್ನೂ ಹಾಕಿಲ್ಲ. ಈಗ್ಲೇ ಇಳಿಸಿ ಬೇರೆಯವನ್ನ ಕಳಿಸ್ತೀನಿ. ಮಧ್ಯಾಹ್ನದ ವಿಮಾನಕ್ಕೆ ಈರಿಗೆ ಹತ್ತಿಸ್ತೀನಿ."

ಕಾಲು ಗಂಟೆ ಫೋನಿನ ಪಕ್ಕವೇ ನಿಂತಿದ್ದೆ. ಅವಳು ಮತ್ತೆ ಮಾಡಿದಳು. ಈ ಸಲ ಮೆಲ್ಲಗೆ ಮಾತಾಡಿದಳು. "ಹೇಳ್ದೆ ಕಣಮ್ಮ. ಇಳಿದು ಹೋಗಪ್ಪಾ ಅಂದೆ. 'ನಾನೇ ಹಾರಿಸ್ತೀನಿ, ನನ್ ಹೆಸರು ತೆಗೀಬೇಡ' ಅಂದ."

ಯಾಕೆ ಎಂದು ನಾನು ಕೇಳಲೂ ಬೇಕಾಗಲಿಲ್ಲ. ಅವಳೇ ಹೇಳಿದಳು. ನಿನ್ನ ಹೆಸರಿನ ಮುಂದೆ ಒಂದು ಟಿಪ್ಪಣಿ ಇದೆಯಂತೆ, 'ರಜೆಯಾದರೂ ಸರಿ, ಮೊದಲು ನನ್ನನ್ನೇ ಕರೆಯಿರಿ' ಎಂದು. "ನಮಗೇನು ಹುಚ್ಚಾ ಅಮ್ಮ, ರಜೇಲಿರೋನಿಗೆ ಸುಮ್ನೆ ಫೋನ್ ಮಾಡೋಕೆ? ಅವನು ಕೇಳ್ಕೊಂಡಿದ್ದಕ್ಕೇ ಮಾಡ್ತಿದ್ವಿ. ಖಾಯಂ ವೇಳಾಪಟ್ಟಿ ಸಿಗೋವಷ್ಟು ಹಿರಿತನ ಅವನಿಗೆ ಯಾವಾಗ್ಲೋ ಬಂದಿದೆ. ತಿಂಗಳು ತಿಂಗಳೂ ರಿಸರ್ವ್ ಬೇಕು ಅಂತ ಅವನೇ ಬರ್ಕೊಡ್ತಾನೆ. ನೀನು ಮೀನು ಗೀನು ಅಂತ ಸುಳ್ ಹೇಳ್ವಾಗ ನಾವಿಲ್ಲಿ ನಗ್ತಿದ್ವಿ, ತಪ್ ತಿಳ್ಕೋಬೇಡ. ಮನೇಲಿ ಹೆಂಡ್ತಿ ಕಾಟ ಇರ್ಬೇಕು, ಪಾಪ ಅಂದ್ಕೊಂಡಿದ್ವಿ."

ಆ ಟಿಪ್ಪಣಿ ಯಾವಾಗಿನದು ಎಂದು ಕೇಳಿದೆ. ತೊಂಬತ್ತರ ಮಾರ್ಚ್ ಎಂದಳು. ನಿನ್ನ ತಾಯಿ ಈ ಮನೆಗೆ ಬಂದು ಒಂದು ತಿಂಗಳೂ ತುಂಬಿರಲಿಲ್ಲ.

ಥೂ, ಎಂಥ ಗಂಡಸಯ್ಯ ನೀನು! ನಾನು ಮುಂಬಾಗಿಲಲ್ಲಿ ನಿಂತು ನಿನ್ನನ್ನು ಕಾಯುತ್ತಿದ್ದೆ, ನೀನು ಹಿತ್ತಿಲ ಬಾಗಿಲಿಂದ ಕಂಪನಿಯವರನ್ನು ಕರೆಯುತ್ತಿದ್ದೆ. ಆರು ವರ್ಷ ನನ್ನ ಕಿವಿಗೆ ಹೂವಿಟ್ಟೆ.

ನಿನಗೆ ಬೇರೆ ಹುಡುಗಿ ಇರಬೇಕೆಂದುಕೊಂಡು ಏಪ್ರಿಲ್‌ನಲ್ಲಿ ನೀನು ಹಾರಾಟದಲ್ಲಿದ್ದ ದಿನ ನಾನು ಬಸ್ಸು ಹಿಡಿದು ಶಿಕಾಗೋಗೆ ಬಂದಿದ್ದೆ. ನಿನ್ನ ಕೋಣೆಯ ವಯಸ್ಸಾದ ಸಂಗಾತಿಯೊಬ್ಬರು ಬಾಗಿಲು ತೆಗೆದು ಕಾಫಿ ಕೊಟ್ಟರು. ಒಂಬತ್ತು ಜನಕ್ಕೆ ಒಂದರ ಮೇಲೊಂದು ಮಂಚಗಳು, ಒಂದು ಸಿಂಕು, ಗೋಡೆಗೆ ಸಾಲಾಗಿ ನೇತುಹಾಕಿದ ಬಿಳಿ ಅಂಗಿಗಳು. ಹೆಣ್ಣಿನ ಸುಳಿವೇ ಇಲ್ಲ. "ಕರೆ ಬರದ ದಿನ ಏನ್ಮಾಡ್ತಾನೆ?" ಎಂದೆ. "ಮಲಗಿರ್ತಾನೆ, ಪದಬಂಧ ಬಿಡಿಸ್ತಾನೆ," ಎಂದರು. ಸವತಿ ಇದ್ದಿದ್ದರೆ ಎಷ್ಟೋ ವಾಸಿ, ಕ್ಲೆಮೆಂಟ್. ಅವಳ ಜುಟ್ಟು ಹಿಡಿಯಬಹುದಿತ್ತು, ಅತ್ತು ಕರೆದು ಕ್ಷಮಿಸಲೂಬಹುದಿತ್ತು. ಪದಬಂಧದ ಜುಟ್ಟು ಎಲ್ಲಿ ಹಿಡಿಯಲಿ?

ವರ್ನಾ ಹೇಳಿದ್ದೆಲ್ಲ ಗೊತ್ತಿದ್ದೂ ಫೆಬ್ರವರಿಯಲ್ಲಿ ಮಣ್ಣು ಮಾಡಿದ ದಿನ ನಾನು ಬಾಯಿ ಬಿಡಲಿಲ್ಲ. ಆ ಶನಿವಾರ ನೀನು ಸಮವಸ್ತ್ರದಲ್ಲೇ ಚರ್ಚಿಗೆ ಬಂದು, ಶವಪೆಟ್ಟಿಗೆಯ ಪಕ್ಕ ನಿಂತು, "ಕಂಪನಿ ಬಿಡಲಿಲ್ಲ" ಎಂದು ಎಲ್ಲರ ಕೈ ಹಿಡಿದು ಹೇಳಿದೆ. ಪಿರೋಗಿ ಕಡುಬು ಮಾಡಿ ತಂದಿದ್ದ ಪಕ್ಕದ ಮನೆಯ ಯಡ್ವಿಗಾ, "ಪಾಪ, ಆ ಕಂಪನಿಯೋರಿಗೆ ಕರುಳೇ ಇಲ್ವಾ?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ನಿನ್ನ ಮಾನಕ್ಕಲ್ಲ. ಗಂಡ ಓಡಿಹೋದ ಹೆಂಗಸು ಎನಿಸಿಕೊಳ್ಳಲು ನನಗೆ ನಾಚಿಕೆಯಾಯಿತು.

ನಾನೇನು ದೇವತೆಯಲ್ಲ. ನಿನ್ನ ತಾಯಿಗೂ ನನಗೂ ಎಂದೂ ಆಗಿಬಂದಿರಲಿಲ್ಲ. ನಾನು ಮಾಡಿದ ಸೂಪನ್ನು ಉಗಿದಾಗ ಒಂದು ದಿನ ಬಟ್ಟಲನ್ನು ಗೋಡೆಗೆ ಎಸೆದಿದ್ದೇನೆ. ಮಲದ ಬಟ್ಟೆ ಒಗೆಯುತ್ತಾ ಬೇಗ ಸಾಯಬಾರದೇ ಎಂದೂ ಅಂದುಕೊಂಡಿದ್ದೇನೆ. ನನಗೂ ಒಂದು ಪಟ್ಟಿ, ಒಬ್ಬಳು ವರ್ನಾ ಇದ್ದಿದ್ದರೆ, ಮೊದಲು ನನ್ನನ್ನೇ ಕರೆ ಎಂದು ಬರೆಸುತ್ತಿದ್ದೆನೇನೋ. ನನಗೆ ಇರಲಿಲ್ಲ. ನಾನೊಬ್ಬಳು ಕದಲಿದರೆ ಅವರಿಗೆ ನೀರು ಕೊಡುವವರಿರಲಿಲ್ಲ. ನಾಲ್ಕನೇ ವರ್ಷದ ಹೊತ್ತಿಗೆ ಅವರು ನನ್ನ ಕೈ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದರು. ಯಾವಾಗ ನನ್ನವರಾದರೋ ನನಗೇ ತಿಳಿಯದು.

ಅವರು ಹೋದರು, ನಿನಗೆ ತಟ್ಟನೆ ಖಾಯಂ ಪಟ್ಟಿಯ ನೆನಪಾಯಿತು. ಮನೆ ಖಾಲಿಯಾಗಿದೆ, ವಾಸನೆ ಹೋಗಿದೆ, ಇನ್ನು ಬರಬಹುದು ಎಂದುಕೊಂಡೆ ನೀನು.

ಬರಬೇಡ. ಬಚ್ಚಲಿನ ಹಿಡಿಕೆ ಕೀಳಬೇಕಾದರೆ ನಾನೇ ಕೀಳುತ್ತೇನೆ. ನಿನ್ನ ಬಟ್ಟೆ, ಮೀನಿನ ಗಾಳ, ಚಳಿಯ ಕೋಟು ಎಲ್ಲವನ್ನೂ ನಿನ್ನ ತಂಗಿಯ ಮನೆಗೆ ಮುಟ್ಟಿಸಿದ್ದೇನೆ. ಬೀಗ ಬದಲಾಗಿದೆ. ಆಗಸ್ಟ್‌ನಿಂದ ಶಾಲೆಯ ಅಡುಗೆಮನೆಗೆ ಹೋಗುತ್ತೇನೆ. ಬೆಳಿಗ್ಗೆ ಆರಕ್ಕೆ ಹಾಜರಿ, ಎರಡಕ್ಕೆ ಬಿಡುಗಡೆ. ಐವತ್ತೆರಡನೇ ವಯಸ್ಸಿಗೆ ನನಗೂ ಒಂದು ವೇಳಾಪಟ್ಟಿ. ವಕೀಲರ ಕಾಗದ ಬರುತ್ತದೆ, ಸಹಿ ಹಾಕಿ ಕಳಿಸು.

ಇಷ್ಟು ವರ್ಷ ನಿನ್ನ ಹೆಂಡತಿಯಾಗಿದ್ದ,
ಲೊರೆಟ್ಟಾ

ಮರೆತ ಮಾತು: ಮಣ್ಣು ಮಾಡಿ ಬಂದ ಮೇಲೆ ಕಾರಿನಲ್ಲಿ ನೀನು, "ಅಮ್ಮ ನನ್ನ ಕೇಳಿದ್ಲಾ?" ಎಂದೆ. "ಇಲ್ಲ, ಭಾನುವಾರದಿಂದಲೇ ಎಚ್ಚರ ಇರ್ಲಿಲ್ಲ," ಎಂದೆ ನಾನು. ನಿನ್ನ ಮೇಲೆ ಕನಿಕರ ಬಂದು ಹೇಳಿದ ಸುಳ್ಳು ಅದು. ಸೋಮವಾರ, ಮಂಗಳವಾರ ಪೂರ್ತಿ ಎಚ್ಚರವಿತ್ತು. ಕಾರಿನ ಸದ್ದಾದಾಗಲೆಲ್ಲ "ಕ್ಲಿಮೆಕ್ ಬಂದ್ನಾ?" ಎಂದು ನಿನ್ನ ಮುದ್ದಿನ ಹೆಸರು ಹಿಡಿದು ಕೇಳಿದರು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತಿ ರಕ್ತ ಬರುತ್ತಿತ್ತು, ತೆಗೆಯುತ್ತೇನೆಂದರೆ ಬಿಡಲಿಲ್ಲ. "ಬೇಡ, ನನ್ ಮಗ ನನ್ನ ಬೊಚ್ಚುಬಾಯೀಲಿ ನೋಡ್ಬಾರ್ದು," ಎಂದರು. ಬುಧವಾರ ಬೆಳಿಗ್ಗೆ ಏಳೂವರೆಗೆ ಹೋದರು. ಹಲ್ಲು ಬಾಯಲ್ಲೇ ಇತ್ತು.