ಮುಖ ತೋರಿಸದ ಹುಡುಗಿಯ ಪರವಾಗಿ

ಮಾನ್ಯ ಪ್ರಾಂಶುಪಾಲರೇ,

ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಮುಚ್ಚಿಕೊಂಡು ಕೂರುವವರಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಅಂಥವರಿಗೆ ಹಾಜರಿ ಇಲ್ಲ, ಹಾಜರಿ ಇಲ್ಲದವರಿಗೆ ಪರೀಕ್ಷೆಯೂ ಇಲ್ಲ ಎಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಅದರಿಂದ ನನ್ನ ಮೊಮ್ಮಗಳ ಒಂದು ವರ್ಷ ಮಣ್ಣುಪಾಲಾಗುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಜ್ವರ ಬಂದಿರುವುದು ಯಾರಿಗೆ ಎಂದು ನಾನು ಹೇಳುತ್ತೇನೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟದವಳು ನಾನು. ತಪ್ಪಿದ್ದರೆ ತಮ್ಮ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ.

ನಮ್ಮದು ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಮನೆ. ಇರುವುದೊಂದೇ ಕೋಣೆ. ಸೊಸೆ ಇಸ್ತ್ರಿ ಹಾಕುತ್ತಾಳೆ, ನಾನು ಮಡಿಸುತ್ತೇನೆ, ಗಂಟುಗಳ ನಡುವೆ ಕೂತು ಮೊಮ್ಮಗಳು ಮೊಬೈಲಿನಲ್ಲೇ ಕಾಲೇಜಿಗೆ ಹೋಗುತ್ತಾಳೆ. ಮೊದಮೊದಲು ಅವಳಿಗೆ ಈ ಪಾಠ ಇಷ್ಟವೇ ಆಗಿತ್ತು. "ಕಾಲೇಜಲ್ಲಿ ಹಿಂದಿನ ಬೆಂಚಿಗೆ ಅರ್ಧ ಕೇಳ್ಸಲ್ಲ ಅಜ್ಜಿ. ಮೊಬೈಲಲ್ಲಾದ್ರೆ ಅರ್ಥ ಆಗ್ದಿದ್ದನ್ನ ಇನ್ನೊಂದ್ಸಲ ಹಾಕ್ಕೊಂಡು ಕೇಳ್ಬೋದು" ಎನ್ನುತ್ತಿದ್ದಳು. ಇದು ಆಸಕ್ತಿಯಿಲ್ಲದವಳ ಮಾತೇ?

ಒಂದು ದಿನ ಪಾಠದ ನಡುವೆ ಸಹಪಾಠಿ ಹುಡುಗಿಯೊಬ್ಬಳು ಮೊಬೈಲಿನೊಳಗಿಂದ ಕೇಳಿದಳು: "ಏಯ್, ನಿನ್ನ ಹಿಂದೆ ನೇತಾಡ್ತಿರೋದು ನಮ್ಮಪ್ಪನ ಗೆರೆ ಶರ್ಟ್ ಅಲ್ವೇನೇ?"

ಮೊಮ್ಮಗಳು ಮೊಬೈಲನ್ನು ಗೋಡೆಯತ್ತ ತಿರುಗಿಸಹೊರಟಳು. ಆದರೆ ಮೊಬೈಲಿನಲ್ಲಿ ಬರುವ ದನಿಯೆಲ್ಲ ನನಗೆ ಗಿರಾಕಿಯದೇ. ಆ ಶರ್ಟನ್ನೇ ಎತ್ತಿಕೊಂಡು ಅವಳ ಹೆಗಲ ಮೇಲಿಂದ ಬಗ್ಗಿ ಹೇಳಿದೆ: "ಹೂಂ ಕಣಮ್ಮ, ನಿಮ್ದೇ. ಸಂಜೆ ಕಳಿಸ್ತೀವಿ. ಕಾಲರ್ ಕೊಳೆ ಮಾತ್ರ ಏನ್ ಮಾಡಿದ್ರೂ ಹೋಗ್ಲಿಲ್ಲ. ಕತ್ತು ಉಜ್ಕೊಂಡು ಸ್ನಾನ ಮಾಡು ಅಂತ ನಿಮ್ಮಪ್ಪಂಗೆ ಹೇಳು."

ಇಡೀ ತರಗತಿ ನಕ್ಕಿತು. ಪಾಠ ಮಾಡುವ ಮೇಷ್ಟ್ರೂ ನಕ್ಕರು. ಕೊಳೆ ಅವರ ಕಾಲರಿನದು, ಭೂಮಿಗಿಳಿದು ಹೋದವಳು ನಮ್ಮ ಹುಡುಗಿ.

ಅಂದಿನಿಂದ ಅವಳ ಕ್ಯಾಮೆರಾ ತೆರೆದಿಲ್ಲ. ಆದರೆ ಪಾಠ ತಪ್ಪಿಸಿಲ್ಲ, ಕೇಳಿದ್ದಕ್ಕೆಲ್ಲ ಉತ್ತರವನ್ನೂ ಕೊಡುತ್ತಾಳೆ. ಉತ್ತರ ಸರಿಯಿದ್ದರೂ ಮೇಷ್ಟ್ರು, "ಮೊದ್ಲು ಮುಖ ತೋರ್ಸಮ್ಮ" ಎನ್ನುತ್ತಾರೆ. ಪಾಠ ಕೇಳುವುದು ಕಿವಿಯೋ, ಮೂಗೋ?

ತಮ್ಮ ಅಪ್ಪಣೆ ಬಂದ ಮೇಲೆ ಮೊಮ್ಮಗಳು ನೆಲ ನೋಡುತ್ತಾ ಕೇಳಿದಳು: "ಅಜ್ಜಿ, ಇವತ್ತು ಕ್ಯಾಮೆರಾ ಹಾಕ್ತೀನಿ. ಮುಗಿಯೋವರ್ಗೂ ಸ್ವಲ್ಪ ಹೊರಗೆ ಕೂತಿರ್ತೀಯಾ?" ಎಂಥ ಗಿರಾಕಿಯ ಬಾಯಿಯನ್ನೂ ಮುಚ್ಚಿಸುವವಳು ನಾನು, ಮರುಮಾತಾಡದೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಕಂಡವರ ಕೊಳೆ ಉಜ್ಜುವಾಗ ತಗ್ಗದ ತಲೆ ಅಲ್ಲಿ ತಗ್ಗಿತು. ಸ್ವಲ್ಪ ಹೊತ್ತಿಗೆ ಅವಳೂ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಪಾಠ ನಡೆದೇ ಇತ್ತು, ಕ್ಯಾಮೆರಾ ಮುಚ್ಚೇ ಇತ್ತು.

"ಯಾಕೆ ಮಗಾ?"

"ನಿನ್ನ ಹೊರಗೆ ಕೂರ್ಸಿ ಹಾಜರಿ ತಗೊಳ್ಳೋದು ಹೆಂಗಜ್ಜಿ?"

ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆದ್ದರಿಂದ ಹಾಜರಿಯನ್ನು ಉತ್ತರಕ್ಕೆ ಕೊಡಿ, ಮುಖಕ್ಕಲ್ಲ. ಅವಳನ್ನು ಪರೀಕ್ಷೆಗೆ ಕೂರಿಸಿ. ಇಲ್ಲ, ಮುಖವೇ ಬೇಕು ಎನ್ನುವುದಾದರೆ ಮೊದಲು ತಾವು ಕ್ಯಾಮೆರಾ ತೆರೆದು ತಮ್ಮ ಬೆನ್ನ ಹಿಂದಿನ ಮನೆಯನ್ನು ಮಕ್ಕಳಿಗೆ ತೋರಿಸಿ. ಆ ಹೊತ್ತಿಗೆ ತಮ್ಮ ಅಂಗಿ ಒಗೆಯುವವರು ಅಲ್ಲಿದ್ದರೆ, ದಯವಿಟ್ಟು ಹೊರಗೆ ಕಳಿಸಬೇಡಿ.

ಇಂತಿ,
ಪಾಠ ಮುಗಿಯಲೆಂದು ಮೆಟ್ಟಿಲ ಮೇಲೆ ಕಾದಿರುವ
ಒಬ್ಬ ಅಜ್ಜಿ